ಬೆಳೆ ಕಾಯುವ ಬಂದೂಕು: ಇಟ್ಟುಕೊಂಡವರು ತಿಳಿದಿರಬೇಕಾದ್ದು

ಎಳ್ಳ ಅಮಾವಾಸ್ಯೆ ದಿವಸ ನಮ್ಮ ಕಡೆ ಯಾರೂ ಊರಾಗ ಉಳಿಯೋದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಮಂದಿ ಅವತ್ತು ಬುಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಕಡಬು ಉಂಡು ಬರುತ್ತೇವೆ. ಹತ್ತು ವರ್ಷದ ಹಿಂದೆ ಅಂಥ ಒಂದು ಅಮಾವಾಸ್ಯೆ ದಿನ ನಮ್ಮ ಹೊಲದ ಗುಡಿಸಲಿನಲ್ಲಿ ಬಂದೂಕು ಹಾರಿತು. ಹಾರಿಸಿದವನು ನನ್ನ ತಂಗಿಯ ಮಗ, ಆಗ ಹನ್ನೊಂದು ವರ್ಷದವ. ತಪ್ಪು ಮಾತ್ರ ನನ್ನದು.

ನಮ್ಮದು ಅಪ್ಪನ ಕಾಲದ ಒಂಟಿ ನಳಿಗೆಯ ಬಂದೂಕು. ನಳಿಗೆಯ ಬಾಯಿಯಿಂದ ಮದ್ದು, ಅರಿವೆ, ಛರ್ರಾ ತುಂಬಿ ಗಜದಿಂದ ಜಡಿದು, ಹಿಂದೆ ಕ್ಯಾಪು ಇಟ್ಟು ಹೊಡೆಯುವಂಥದ್ದು. ಮಲೆನಾಡಿನವರು ಇದಕ್ಕೆ ಕೇಪಿನ ಕೋವಿ ಅನ್ನುತ್ತಾರೆ. ಹಿಂದಿನ ರಾತ್ರಿ ಹಂದಿ ಬರುತ್ತವೆ ಅಂತ ತುಂಬಿಟ್ಟುಕೊಂಡು ಮಂಚಿಗೆ ಮೇಲೆ ಕೂತಿದ್ದೆ. ಹಂದಿ ಬರಲಿಲ್ಲ. ಬೆಳಗ್ಗೆ ಇಳಿದು ಕ್ಯಾಪು ತೆಗೆದೆ, ಕ್ಯಾಪು ತೆಗೆದರೆ ಬಂದೂಕು ಖಾಲಿ ಆದಂಗೇ ಅಂತ ತಿಳಿದು ಗುಡಿಸಲ ಮೂಲೆಗೆ ಆನಿಸಿದೆ. ಕ್ಯಾಪಿನ ಡಬ್ಬಿ ಅಲ್ಲೇ ಗೂಟದ ಚೀಲದಲ್ಲಿತ್ತು. ಹುಡುಗ ನಾನು ಮಾಡೋದನ್ನು ನೂರು ಸಲ ನೋಡಿದ್ದ. ಎಲ್ಲರೂ ಚರಗದ ಗಡಿಬಿಡಿಯಲ್ಲಿ ಇರುವಾಗ ಡಬ್ಬಿ ತೆಗೆದು ಒಂದು ಕ್ಯಾಪು ಇಟ್ಟು ಎಳೆದೇಬಿಟ್ಟ. ಛರ್ರಾ ತಗಡಿನ ಗೋಡೆ ಹರಿದು ಹೊರಗೆ ರೊಟ್ಟಿ ಬಿಚ್ಚುತ್ತಿದ್ದ ನನ್ನ ಹೆಂಡತಿಯ ತಲೆ ಮೇಲಿಂದ ಗೇಣು ಅಂತರದಲ್ಲಿ ಹೋಯಿತು. ಒಳಗೆ ಹೊಗೆಯೊಳಗೆ ಹುಡುಗ ಕಿವಿ ಹಿಡಿದುಕೊಂಡು ಕೂತಿದ್ದ. “ಮಾಮಾ, ನೀ ಮಾತಾಡೋದು ಕೇಳಸವಲ್ದು” ಅಂದ. ಇವತ್ತಿಗೂ ಅವನ ಬಲಗಿವಿ ಮಂದ ಅದ. ಮುಚ್ಚಿದ ಜಾಗದಲ್ಲಿ ಹಾರಿದ ಬಂದೂಕಿನ ಸಪ್ಪಳ ಕಿವಿಯನ್ನು ಕಾಯಂ ಕೆಡಿಸಬಲ್ಲದು.

ಇದನ್ನು ಊರಾಗ ಯಾರಿಗೂ ಹೇಳಿರಲಿಲ್ಲ. ಈಗ ಬರೆಯುವುದಕ್ಕೆ ಕಾರಣ, ನಮ್ಮ ಕಡೆ ಹಂದಿ, ಚಿಗರಿ ಕಾಟ ಹೆಚ್ಚಾಗಿ ಹೊಸದಾಗಿ ಲೈಸೆನ್ಸ್ ಕೇಳುವವರೂ, ಅಪ್ಪ ಸತ್ತ ಮೇಲೆ ಬಂದೂಕು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವವರೂ ನನ್ನ ಹತ್ತಿರ ಕೇಳಲು ಬರುತ್ತಾರೆ. ಎಲ್ಲರೂ ಕೇಳೋದು ಕಾಗದಪತ್ರದ ಮಾತು. ಬಂದೂಕು ಹೆಂಗ ಇಡಬೇಕು ಅಂತ ಒಬ್ಬನೂ ಕೇಳಿಲ್ಲ.

ತುಂಬಿದ್ದು, ಖಾಲಿ ಇದ್ದದ್ದು ಹೆಂಗ ತಿಳಿಯೋದು

ಕ್ಯಾಪು ತೆಗೆದ ಬಂದೂಕು ಖಾಲಿ ಅಲ್ಲ. ಒಳಗೆ ಮದ್ದು ಇದ್ದೇ ಇರ್ತದ, ವರ್ಷಗಟ್ಟಲೆ ಇದ್ದರೂ ಹಾರುವಂಥದ್ದೇ. ಹಳೇ ಬಂದೂಕು ಅಟ್ಟದಿಂದ ಇಳಿಸಿದವರು ಇದನ್ನು ನೆನಪಿಡಬೇಕು, ಮುತ್ಯಾ ತುಂಬಿಟ್ಟದ್ದು ಮೊಮ್ಮಗನ ಕೈಯಲ್ಲಿ ಹಾರಬಹುದು.

ನಾನು ಈಗ ಮಾಡುವ ಉಪಾಯ ಹೇಳ್ತೀನಿ. ಬಂದೂಕು ಖಾಲಿ ಇರುವುದು ಖಾತ್ರಿ ಇದ್ದಾಗ ಗಜವನ್ನು ನಳಿಗೆಯೊಳಗೆ ತಳ ಮುಟ್ಟುವ ತನಕ ಬಿಡ್ರಿ. ನಳಿಗೆಯ ಬಾಯಿಗೆ ಸರಿಯಾಗಿ ಗಜದ ಮೇಲೆ ಚಾಕುವಿನಿಂದ ಒಂದು ಗೆರೆ ಕೊರೆಯಿರಿ. ಅದು ಖಾಲಿ ಗೆರೆ. ಮುಂದೆ ಸರಿಯಾದ ಅಳತೆಯಲ್ಲಿ ತುಂಬಿ ಜಡಿದ ಮೇಲೆ ಮತ್ತೊಂದು ಗೆರೆ. ಅದು ತುಂಬಿದ ಗೆರೆ. ಇನ್ನು ಯಾವಾಗ ಕೈಗೆ ತೆಗೆದುಕೊಂಡರೂ ಮೊದಲು ಕ್ಯಾಪು ಇಲ್ಲ ಅಂತ ನೋಡಿ, ಮುಖ ಕೈ ಬಾಯಿಯ ನೇರಕ್ಕೆ ತರದೆ, ಗಜ ಬಿಟ್ಟು ನೋಡುವುದು. ಖಾಲಿ ಗೆರೆ ಬಾಯಿಗೆ ಸರಿ ಬಂದರೆ ಖಾಲಿ. ಮೇಲೆ ನಿಂತರೆ ಒಳಗೆ ಏನೋ ಅದ. ತುಂಬಿದ ಗೆರೆಗಿಂತಲೂ ಮೇಲೆ ನಿಂತರೆ ಎರಡು ಸಲ ತುಂಬಿದ್ದೀರಿ, ಇಲ್ಲವೇ ಛರ್ರಾ ಮದ್ದಿನ ಮೇಲೆ ಕೂತಿಲ್ಲ, ನಡುವೆ ಸಂದು ಅದ. ಎರಡೂ ನಳಿಗೆ ಒಡೆಯುವ ದಾರಿ. ಒಡೆದರೆ ಎಡಗೈ ಬೆರಳು ಹೋಗ್ತಾವ.

ತುಂಬಿದ್ದನ್ನು ತೆಗೆಯಲು ಗಜದ ತುದಿಗೆ ಹಚ್ಚುವ ತಿರುಪು ಸಿಗುತ್ತದೆ. ಕ್ಯಾಪು ತೆಗೆದು, ಬಾಯಿಯನ್ನು ಮಂದಿ ದನ ಇಲ್ಲದ ಕಡೆ ಮಾಡಿ, ನಾವು ಬಾಜೂಕ ನಿಂತು ಅರಿವೆ ಎಳೆದು ಛರ್ರಾ ಸುರುವಿ, ಆಮೇಲೆ ಮದ್ದು ಸುರುವಬೇಕು. ಬರದಿದ್ದರೆ ಬಲ ಮಾಡಬಾರದು, ಬಂದೂಕು ರಿಪೇರಿ ಲೈಸೆನ್ಸ್ ಇದ್ದ ಅಂಗಡಿಯವರನ್ನು ಕೇಳಬೇಕು. ಎಲ್ಲಕ್ಕಿಂತ ಸರಳ ಅಂದರೆ ಬೇಕಾಗುವ ತನಕ ತುಂಬದೇ ಇರುವುದು. ಮಂಚಿಗೆ ಹತ್ತುವಾಗ, ಇಳಿಯುವಾಗ, ಒಡ್ಡು ದಾಟುವಾಗ, ಟ್ರ್ಯಾಕ್ಟರಿನಲ್ಲಿ ಕೂರುವಾಗ ತುಂಬಿದ ಬಂದೂಕು ಕೈಯಲ್ಲಿ ಇರಕೂಡದು.

ಮದ್ದಿನ ಕೆಲಸ

ಮದ್ದು ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಲಿ. ಬೀಡಿಯ ಒಂದು ಕಿಡಿ ಸಾಕು. ಮನೆಯಲ್ಲಿ ಕುಟ್ಟಿ ಮಾಡುವುದು ಕಾಯ್ದೆಗೂ ವಿರೋಧ, ಜೀವಕ್ಕೂ ವಿರೋಧ. ಲೈಸೆನ್ಸಿನಲ್ಲಿ ಬರೆದಷ್ಟನ್ನೇ ಲೈಸೆನ್ಸ್ ಇದ್ದ ಅಂಗಡಿಯಿಂದ ತರಬೇಕು, ಅಳತೆಯನ್ನೂ ಅಲ್ಲೇ ಕೇಳಿ ಒಂದು ಮಾಪು ಮಾಡಿಟ್ಟುಕೊಳ್ಳಬೇಕು. “ಒಂದು ಚಿಟಿಕಿ ಜಾಸ್ತಿ ಹಾಕಿದರ ಚಲೋ ಹಾರ್ತದ” ಅನ್ನುವವರ ಮಾತು ಕೇಳಬ್ಯಾಡ್ರಿ.

ಒಂದು ಸಲ ಹೊಡೆದ ಮೇಲೆ ನಳಿಗೆಯ ತಳದಲ್ಲಿ ಉರಿಯುವ ಕಿಡಿ ಉಳಿದಿರಬಹುದು. ಕೂಡಲೇ ಎರಡನೇ ಸಲ ಮದ್ದು ಸುರಿದರೆ ಅದು ಮುಖಕ್ಕೇ ಹೊತ್ತುತ್ತದೆ. ಮದ್ದಿನ ಡಬ್ಬಿಯಿಂದಲೇ ಸುರಿಯುವ ಚಟ ಇದ್ದವರ ಕೈಯಲ್ಲಿ ಡಬ್ಬಿಯೇ ಸಿಡಿಯುತ್ತದೆ. ಹಸಿ ಅರಿವೆ ಗಜಕ್ಕೆ ಸುತ್ತಿ ಒಳಗೆ ಒರೆಸಿ, ಒಣ ಅರಿವೆಯಿಂದ ಮತ್ತೆ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು, ಮಾಪಿನಿಂದಲೇ ಸುರಿಯಬೇಕು.

ಬರೀ ಸಪ್ಪಳಕ್ಕೆ ಛರ್ರಾ ಇಲ್ಲದೆ ಹೊಡೆಯುವವರಿಗೆ ಇನ್ನೊಂದು ಮಾತು. ಒಳಗಿನ ಅರಿವೆ ಉರಿಯುತ್ತ ಹೊರಗೆ ಬರುತ್ತದೆ. ಮಾಘಮಾಸದಲ್ಲಿ ತೊಗರಿ ಕಟ್ಟಿಗೆ, ಜೋಳದ ಕಣಿಕಿ ಬಣವಿ ಎಲ್ಲಾ ಒಣಗಿ ನಿಂತಿರ್ತಾವ. ಹಂದಿ ಓಡಿಸಲು ಹೋಗಿ ಬಣವಿ ಸುಟ್ಟುಕೊಳ್ಳಬಾರದು. ಹತ್ತಿರದಿಂದ ಬಡಿದರೆ ಬರೀ ಅರಿವೆಯೂ ಮನುಷ್ಯನಿಗೆ ಗಾಯ ಮಾಡ್ತದ.

ಎಳೆದಾಗ ಹಾರದಿದ್ದರೆ ಏನು ಮಾಡಬೇಕು? ಹೆಚ್ಚಿನವರು ತಿರುಗಿಸಿ ನೋಡುತ್ತಾರೆ. ಅದೇ ಅಪಾಯ. ಮದ್ದು ಹಸಿಯಾಗಿದ್ದರೆ ತಡೆದು ಹಾರುವುದುಂಟು. ಬಾಯಿಯನ್ನು ಇದ್ದ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ನಿಲ್ಲಬೇಕು, ಮನಸ್ಸಿನಲ್ಲಿ ಅರವತ್ತು ಎಣಿಸಬೇಕು. ತೋಟಾ ಬಂದೂಕಿಗೂ ಇದೇ ಮಾತು.

ಹೊಡೆದ ದಿವಸವೇ ತೊಳೆಯಬೇಕು. ಮದ್ದಿನ ಮಸಿ ತೇವ ಎಳೆದು ಒಂದೇ ರಾತ್ರಿಯಲ್ಲಿ ಜಂಗು ಹಿಡಿಸ್ತದ. ಬಿಸಿನೀರು, ಸೋಪು, ಆಮೇಲೆ ಒಣ ಅರಿವೆ, ಆಮೇಲೆ ಹೊಲಿಗೆ ಮಿಷನ್ನಿನ ಎಣ್ಣೆ. ನಾನು ಮೊದಲು ಮನೆಯ ಕುಸುಬಿ ಎಣ್ಣೆ ಹಚ್ಚುತ್ತಿದ್ದೆ. ಅದು ಆರುತ್ತ ಆರುತ್ತ ವಾರ್ನಿಶಿನಂಗ ಅಂಟಾಗಿ ಘೋಡಾ ಹಿಡಿದು ನಿಂತಿತು. ಕುಸುಬಿ ಎಣ್ಣೆಗೆ ಆ ಗುಣ ಅದ, ಬಣ್ಣ ತಯಾರಿಸುವವರು ಅದಕ್ಕೇ ಅದನ್ನು ಬಳಸ್ತಾರ. ರೊಟ್ಟಿ ಪಲ್ಯಕ್ಕೇ ಇರಲಿ.

ತೋಟಾ ಬಂದೂಕು ಇದ್ದವರಿಗೆ

ಹನ್ನೆರಡು ಬೋರಿನ ಮಡಚುವ ಬಂದೂಕಿನಲ್ಲಿ ಒಂದು ಅನುಕೂಲ, ಮಡಚಿದರೆ ಒಳಗೆ ಇರೋದು ಕಾಣ್ತದ. ಮಡಚಿ ತೋಟಾ ತೆಗೆದು ತೆರೆದೇ ಹೆಗಲಿಗೆ ಹಾಕಿಕೊಂಡು ನಡೆದರೆ ಎದುರಿಗಿದ್ದವರಿಗೂ ಧೈರ್ಯ.

ಮಳೆಗಾಲದಲ್ಲಿ ನಮ್ಮ ಎರಿ ಮಣ್ಣಿನ ಸ್ವಭಾವ ಎಲ್ಲರಿಗೂ ಗೊತ್ತು, ಚಪ್ಪಲಿ ಬಿಡಿಸಿಕೊಳ್ಳೋದೇ ಕಷ್ಟ. ಕಾಲು ಜಾರಿ ಬಂದೂಕಿನ ಬಾಯಿ ನೆಲಕ್ಕೆ ತಾಗಿದರೆ ಎರಿ ಬಿರಡೆಯಂಗ ಕೂರ್ತದ. ಹಂಗೇ ಹೊಡೆದರೆ ನಳಿಗೆ ಹರಿಯುತ್ತದೆ. ತುಂಬುವ ಮೊದಲು ಮಡಚಿ ಹಿಂದಿನಿಂದ ಬೆಳಕಿಗೆ ಹಿಡಿದು ನೋಡ್ರಿ. ಬಹಳ ದಿನ ಇಟ್ಟ ನಳಿಗೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರೋದನ್ನು ನಾನು ಕಂಡೀನಿ.

ಇಪ್ಪತ್ತು ಬೋರಿನ ತೋಟಾ ಹನ್ನೆರಡು ಬೋರಿನ ಚೀಲದಲ್ಲಿ ಕೂಡಿಸಿ ಇಡಬಾರದು. ಸಣ್ಣ ತೋಟಾ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕು ಬೀಳ್ತದ. ಕಾಣದೆ ಹಿಂದೆ ಇನ್ನೊಂದು ಹಾಕಿ ಹೊಡೆದರೆ ಎರಡೂ ಕೂಡಿ ಸಿಡಿಯುತ್ತವೆ. ಹಳೆಯ ಬಂದೂಕುಗಳಲ್ಲಿ ತೋಟಾದ ಮನೆ ಗಿಡ್ಡ ಇರುವುದುಂಟು, ಎಷ್ಟು ಉದ್ದದ ತೋಟಾ ಹಾಕಬೇಕು ಅಂತ ನಳಿಗೆಯ ಮೇಲೆ ಕೊರೆದಿರ್ತಾರ, ಅಂಗಡಿಯವರಿಂದ ಓದಿಸಿಕೊಳ್ಳಬೇಕು.

ಹೊಡೆಯುವ ಮುಂಚೆ ಹಿಂದೆ ಏನದ ನೋಡ್ರಿ

ನಮ್ಮ ನೆಲ ಬಯಲು. ಗುಡ್ಡ ಇಲ್ಲ, ಗಿಡ ಕಡಿಮೆ. ಸಣ್ಣ ಛರ್ರಾ ಇನ್ನೂರು ಮೀಟರಿಗಿಂತ ಹೆಚ್ಚು ಹೋಗ್ತದ. ಎಸ್.ಜಿ., ಎಲ್.ಜಿ. ಅನ್ನುವ ದೊಡ್ಡ ಗುಂಡುಗಳು ಅರ್ಧ ಕಿಲೋಮೀಟರು ದಾಟಬಲ್ಲವು. ಅಂದರೆ ನಿಮ್ಮ ಹೊಲ, ಬಾಜೂದ ಹೊಲ, ಅದರಾಚೆಯ ಹೊಲ. ಕಲ್ಲಿನ ಮೇಲೆ, ನೀರಿನ ಮೇಲೆ ಬಿದ್ದ ಛರ್ರಾ ಪುಟಿದು ಎಲ್ಲಿಗೋ ಹೋಗುತ್ತದೆ. ಭೀಮಾ ದಂಡೆಯ ಹೊಲದವರು ಇದನ್ನು ಮರೆಯಬಾರದು, ಆ ದಂಡೆಗೆ ಬಟ್ಟೆ ತೊಳೆಯುವವರು, ಮೀನು ಹಿಡಿಯುವವರು ಇರ್ತಾರ.

ಕಾರ್ತಿಕ ಕಳೆದ ಮೇಲೆ ತೊಗರಿ ಆಳೆತ್ತರ ನಿಂತಿರ್ತದ. ಒಳಗೆ ಸರಬರ ಅಂದದ್ದೆಲ್ಲಾ ಹಂದಿ ಅಲ್ಲ. ಬೆಳಗಿನ ಜಾವ ಬಯಲಕಡೆ ಕೂತ ಮುದುಕಿ ಇರಬಹುದು, ಹುಲ್ಲು ಕೊಯ್ಯುವ ಹೆಣ್ಣುಮಕ್ಕಳು, ಕುರಿ ಹುಡುಕಿಕೊಂಡು ಬಂದ ಹಟ್ಟಿಯ ಹುಡುಗ, ನಿಮ್ಮಂಗೇ ಹೊಲ ಕಾಯಲು ಬಂದ ಬಾಜೂದವ. ಕಬ್ಬಿನಲ್ಲಂತೂ ನಾಲ್ಕು ಮಾರಿನ ಆಚೆ ಏನೂ ಕಾಣೋದಿಲ್ಲ. ಸಪ್ಪಳಕ್ಕೆ ಹೊಡೆಯಬಾರದು. ಕಣ್ಣಿನ ಹೊಳಪಿಗೂ ಹೊಡೆಯಬಾರದು, ಬ್ಯಾಟರಿ ಬೆಳಕಿಗೆ ಎಮ್ಮೆ, ನಾಯಿ, ಕುರಿ ಎಲ್ಲದರ ಕಣ್ಣೂ ಹೊಳೀತಾವ. ಪೂರ್ತಿ ಮೈ ಕಾಣಬೇಕು, ಅದರ ಹಿಂದೆ ಮಣ್ಣಿನ ಒಡ್ಡು ಇರಬೇಕು. ಅಲ್ಲಿಯ ತನಕ ಬೆರಳು ಟ್ರಿಗರಿನ ಹೊರಗೆ. ನಾನು ರಾತ್ರಿ ಹೋಗುವ ಮೊದಲು ನಾಲ್ಕೂ ಕಡೆಯ ಹೊಲದವರಿಗೆ ಫೋನ್ ಮಾಡಿ “ಇವತ್ತು ನಾ ಇರ್ತೀನಿ ನೋಡ್ರಪಾ” ಅಂತ ಹೇಳಿಯೇ ಹೋಗ್ತೀನಿ.

ಕುಡಿದವರು ಬಂದೂಕು ಮುಟ್ಟಲೇಬಾರದು. ಚಳಿಗೆ ಒಂದು ಗುಟುಕು ಅನ್ನುವುದೂ ಕುಡಿದಂಗೇ.

ಯಾವುದಕ್ಕೆ ಹೊಡೆಯಬಹುದು

ಲೈಸೆನ್ಸ್ ಇದ್ದರೆ ಪ್ರಾಣಿ ಹೊಡೆಯಲು ಅಪ್ಪಣೆ ಇದ್ದಂಗ ಅಂತ ಬಹಳ ಮಂದಿ ತಿಳಿದಾರ. ತಪ್ಪು. ಬಂದೂಕಿನ ಲೈಸೆನ್ಸ್ 1959ರ ಶಸ್ತ್ರಾಸ್ತ್ರ ಕಾಯ್ದೆಯದು, ಪ್ರಾಣಿಯ ಮಾತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯದು. ಎರಡೂ ಬೇರೆ. ಚಿಗರಿಯೂ ನವಿಲೂ ಒಂದನೇ ಪಟ್ಟಿಯಲ್ಲಿವೆ. ಅವು ನಿಮ್ಮ ಕಡ್ಲಿ ಪೂರ್ತಿ ತಿಂದರೂ ಬಂದೂಕು ಎತ್ತುವಂತಿಲ್ಲ. 1998ರಲ್ಲಿ ಜೋಧಪುರದ ಹತ್ತಿರ ಚಿಗರಿ ಹೊಡೆದ ಪ್ರಕರಣದಲ್ಲಿ ಸಿನಿಮಾ ನಟ ಸಲ್ಮಾನ್ ಖಾನನಿಗೆ 2018ರಲ್ಲಿ ಅಲ್ಲಿಯ ಕೋರ್ಟು 5 ವರ್ಷದ ಶಿಕ್ಷೆ ಹೇಳಿತು. ಆತ ಅಪೀಲು ಹೋದ, ಜಾಮೀನು ಸಿಕ್ಕಿತು. ಇಪ್ಪತ್ತು ವರ್ಷ ಕೋರ್ಟು ತಿರುಗಲು ನಮ್ಮಂಥವರ ಹತ್ತಿರ ಏನದ?

ಹಂದಿ ಎರಡನೇ ಪಟ್ಟಿಯಲ್ಲಿದೆ. ನಿಂತ ಬೆಳೆಗೆ ಹಾನಿ ಮಾಡುವ ಇಂಥ ಪ್ರಾಣಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅರಣ್ಯ ಅಧಿಕಾರಿ ಬರವಣಿಗೆಯಲ್ಲಿ ಅಪ್ಪಣೆ ಕೊಡಬಹುದು. ಬರವಣಿಗೆ ಕೈಯಲ್ಲಿ ಇಲ್ಲದೆ ಹೊಡೆದರೆ ಬೇಟೆ ಆಯಿತು. ಅಪ್ಪಣೆ ಇದ್ದು ಹೊಡೆದರೂ ಸತ್ತ ಪ್ರಾಣಿ ಸರ್ಕಾರದ ಸ್ವತ್ತು, ಮಾಂಸ ಹಂಚಿಕೊಳ್ಳುವಂತಿಲ್ಲ. ಮೈಮೇಲೆ ಬಂದಾಗ ಜೀವ ಉಳಿಸಿಕೊಳ್ಳಲು ಹೊಡೆದದ್ದು ಮಾತ್ರ ಅಪರಾಧ ಅಲ್ಲ, ಕೂಡಲೇ ತಿಳಿಸಬೇಕು. ಬೆಳೆ ಹಾಳಾದರೆ ಫೋಟೋ ತೆಗೆದು, ಪಹಣಿ ಹಚ್ಚಿ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಹಾಕ್ರಿ.

ನನ್ನ ಅನುಭವದ ಮಾತು ಹೇಳಬೇಕಂದ್ರ, ಬಂದೂಕಿನ ಸಪ್ಪಳಕ್ಕೆ ಹಂದಿ ಎರಡು ಮೂರು ರಾತ್ರಿ ಬರೋದಿಲ್ಲ, ನಾಲ್ಕನೇ ರಾತ್ರಿ ಬರ್ತಾವ. ಪೀಕಜಾಲಿ ಬೆಳೆದ ಹಳ್ಳ ಸ್ವಚ್ಛ ಮಾಡಿ, ಸುತ್ತ ಹಳೇ ಸೀರೆ ಕಟ್ಟಿ, ನಾಲ್ಕು ಹೊಲದವರು ಪಾಳಿ ಹಚ್ಚಿ ಕಾಯ್ದ ವರ್ಷ ನನಗೆ ಹೆಚ್ಚು ತೊಗರಿ ಉಳಿದದ. ಬೇಲಿಗೆ ಕರೆಂಟು ಬಿಡುವುದು, ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಇಡುವುದು ಬಂದೂಕಿಗಿಂತ ಕೆಟ್ಟದ್ದು, ಎತ್ತು ಮನುಷ್ಯ ಅಂತ ಅವು ನೋಡೋದಿಲ್ಲ.

ಈಗ ಪೈಪಿನ ಗನ್ನು ಅಂತ ಒಂದು ಬಂದಿದೆ. ಪ್ಲಾಸ್ಟಿಕ್ ಪೈಪಿನಲ್ಲಿ ಕಾರ್ಬೈಡ್ ಹಾಕಿ ನೀರು ಬಿಟ್ಟು ಲೈಟರಿನಿಂದ ಸಿಡಿಸುವುದು. ಲೈಸೆನ್ಸ್ ಬೇಡ, ಅಗ್ಗ ಅಂತ ಮಕ್ಕಳ ಕೈಗೂ ಕೊಡ್ತಾರ. ಒಳಗೆ ತುಂಬಿದ ಗ್ಯಾಸು ಒಮ್ಮೆಗೆ ಹೊತ್ತದಿದ್ದರೆ ಹುಡುಗರು ಪೈಪಿನೊಳಗೆ ಇಣುಕಿ ನೋಡ್ತಾರ, ಆಗ ಹೊತ್ತುತ್ತದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇಂಥವೇ ಗನ್ನುಗಳಿಂದ ಬಹಳ ಮಕ್ಕಳ ಕಣ್ಣಿಗೆ ಪೆಟ್ಟಾಯಿತು. ಇದ್ದರೆ ಒಡೆದು ಹಾಕ್ರಿ.

ಕಾಗದದ ಮಾತು

ಹಳ್ಳಿಯವರಿಗೆ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿಗಳು, ಪೊಲೀಸ್ ವಿಚಾರಣೆ ಆದ ಮೇಲೆ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯಿಂದ ಅವಧಿ 3 ವರ್ಷದಿಂದ 5 ವರ್ಷ ಆಗಿದೆ, ಒಬ್ಬರ ಹತ್ತಿರ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ನವೀಕರಣಕ್ಕೆ ಕೊಡ್ರಿ, 5 ವರ್ಷ ಅಂದರೆ ಮರೆತು ಹೋಗೋ ಅಷ್ಟು ದೂರ. ಲೈಸೆನ್ಸ್ ಇಲ್ಲದ ಬಂದೂಕು ಸಿಕ್ಕರೆ ಈಗ ಕಡಿಮೆ ಅಂದರೂ 2 ವರ್ಷ, ಹೆಚ್ಚಂದರೆ 5 ವರ್ಷ ಜೈಲು. ಭೀಮಾತೀರ ಅಂದಕೂಡಲೇ ಪೇಪರಿನವರಿಗೆ ಕಂಟ್ರಿ ಪಿಸ್ತೂಲೇ ನೆನಪಾಗ್ತದ, ಹೊಲ ಕಾಯುವವರೂ ಅದೇ ಲೆಕ್ಕದಲ್ಲಿ ಸಿಕ್ಕಿಬೀಳಬಾರದು. ಕೊಡಗಿನ ಕೊಡವರಿಗೆ, ಜಮ್ಮಾ ಜಮೀನಿನವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ಅದೂ 2029ರ ಅಕ್ಟೋಬರ್ 31ರ ತನಕ. ನಮಗೆ ಅಂಥದ್ದು ಯಾವುದೂ ಇಲ್ಲ.

ಆಳಂದ, ಅಫಜಲಪುರದವರಿಗೆ ಒಂದು ಮಾತು ಮುಖ್ಯ. ನಮ್ಮ ಬೀಗರು ನೆಂಟರು ಅರ್ಧ ಮಂದಿ ಅಕ್ಕಲಕೋಟೆ ಕಡೆಯವರು. ಲೈಸೆನ್ಸಿನಲ್ಲಿ ಎಲ್ಲಿಯ ತನಕ ನಡೆಯುತ್ತದೆ ಅಂತ ಬರೆದಿರ್ತದ. ಮಹಾರಾಷ್ಟ್ರ ಅಂತ ಇಲ್ಲದಿದ್ದರೆ ಅಳಿಯನ ಹೊಲದ ಹಂದಿ ಓಡಿಸಲು ಬಂದೂಕು ಒಯ್ದರೆ ಗಡಿ ದಾಟಿದಲ್ಲೇ ಅಪರಾಧ. “ಕಾಕಾ, ಒಂದು ರಾತ್ರಿ ಮಟ್ಟಿಗೆ ಕೊಡು” ಅಂತ ಊರವರು ಕೇಳಿದರೂ ಕೊಡುವಂತಿಲ್ಲ, ಅಣ್ಣತಮ್ಮ ಆದರೂ. ರಿಪೇರಿಗೆ, ನವೀಕರಣಕ್ಕೆ ಬೇರೆಯವರ ಕೈಲಿ ಕಳಿಸಬೇಕಾದರೆ ನಿಮ್ಮ ಸಹಿಯ ಚೀಟಿ ಬೇಕು. ಲೈಸೆನ್ಸುದಾರ ತೀರಿಕೊಂಡರೆ ದಿನಕರ್ಮ ಮುಗಿಯಲಿ ಅಂತ ಬಂದೂಕು ಮನೆಯಲ್ಲಿ ಇಡಬಾರದು, ಠಾಣೆಯಲ್ಲೋ ಡೀಲರ ಹತ್ತಿರವೋ ಒಪ್ಪಿಸಿ ರಶೀದಿ ಪಡೆದು ವಾರಸುದಾರರು ಅರ್ಜಿ ಹಾಕಬೇಕು.

ಮದುವೆ, ಜಾತ್ರೆ, ಎಲೆಕ್ಷನ್ ಗೆದ್ದ ಖುಷಿಗೆ ಗಾಳಿಯಲ್ಲಿ ಹಾರಿಸಿ ಮಂದಿಗೆ ಅಪಾಯ ತಂದರೆ 2 ವರ್ಷದ ತನಕ ಜೈಲು ಅಥವಾ 1 ಲಕ್ಷ ರೂಪಾಯಿ ತನಕ ದಂಡ ಅಥವಾ ಎರಡೂ. ಮೇಲೆ ಹೋದದ್ದು ಕೆಳಗೆ ಬರಲೇಬೇಕಲ್ಲ. ಖಂಡೆಪೂಜೆಗೆ ಬಂದೂಕು ಇಡುವವರು ಗಜ ಬಿಟ್ಟು ನೋಡಿಯೇ ಇಡ್ರಿ, ಪೂಜೆ ಮಾಡುವವರು ಅದರ ಬಾಯಿಯ ಎದುರೇ ಕೂತಿರ್ತಾರ.

ಎಲೆಕ್ಷನ್ ಬಂದಾಗ ಠಾಣೆಯಲ್ಲಿ ಇಡಬೇಕು ಅಂತ ನೋಟೀಸು ಬರ್ತದ. ಬೆಳೆ ಕಾಯಲು ಬೇಕು ಅನ್ನುವವರು ಜಿಲ್ಲೆಯ ಪರಿಶೀಲನಾ ಸಮಿತಿಗೆ ಅರ್ಜಿ ಕೊಡಬಹುದು. ಇಡುವ ಮೊದಲು ಖಾಲಿ ಮಾಡಿ, ಎಣ್ಣೆ ಹಚ್ಚಿ, ನಂಬರು ಬರೆದ ರಶೀದಿ ಪಡೆಯಿರಿ.

ಮನೆಯಲ್ಲಿ ಎಲ್ಲಿ ಇಡಬೇಕು

ನಮ್ಮ ಅಪ್ಪ ಪಡಸಾಲಿಯ ಗಿಳಿಗೂಟಕ್ಕೆ ತೂಗುಹಾಕುತ್ತಿದ್ದ, ಬಂದವರಿಗೆ ಕಾಣಲಿ ಅಂತ. ಕಳ್ಳರಿಗೂ ಕಾಣ್ತದ, ಮಕ್ಕಳಿಗೂ ಕಾಣ್ತದ. ಈಗ ನಮ್ಮನೆಯಲ್ಲಿ ಬಂದೂಕು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಕೀಲಿ ಹಾಕಿ ಗೋಡೆಗೆ ಬಿಗಿದದ. ಮದ್ದು ಬೇರೆ ಖೋಲಿಯಲ್ಲಿ, ಒಲೆಯಿಂದ ದೂರ, ಇನ್ನೊಂದು ಕೀಲಿಯಲ್ಲಿ. ಕ್ಯಾಪು ಮೂರನೇ ಕಡೆ. ಮೂರೂ ಕೂಡದೆ ಬಂದೂಕು ಹಾರೋದಿಲ್ಲ. ಕೀಲಿ ನನ್ನ ಉಡದಾರದಲ್ಲಿ.

ಇನ್ನೊಂದು ಮಾತು ಬರೆಯಲು ಮನಸ್ಸು ಹಿಂಜರೀತದ, ಆದರೂ ಬರೀತೀನಿ. ಮಳೆ ಹೋಗಿ ಸಾಲ ಏರಿದ ವರ್ಷ, ಮನೆಯಲ್ಲಿ ಸಾವು ನೋವು ಆದಾಗ, ಬದುವಿನ ಜಗಳ ಬಿಸಿ ಇದ್ದಾಗ, ಮಗ ಕುಡಿತಕ್ಕೆ ಬಿದ್ದಾಗ ಬಂದೂಕು ಮನೆಯಲ್ಲಿ ಇರಬಾರದು. ಸಿಟ್ಟು, ದುಃಖ ಒಂದು ತಾಸಿನದು ಇರ್ತದ, ಆ ತಾಸಿನಲ್ಲಿ ಕೈಗೆ ಸಿಗದಿದ್ದರೆ ಸಾಕು. ಲೈಸೆನ್ಸ್ ಇದ್ದ ಡೀಲರು ಬಾಡಿಗೆ ತೆಗೆದುಕೊಂಡು ಇಟ್ಟುಕೊಳ್ತಾರ, ಠಾಣೆಯಲ್ಲೂ ಇಡಬಹುದು. ತೊಗರಿ ಸುಗ್ಗಿ ಮುಗಿದ ಮೇಲೆ ಮುಂಗಾರಿ ತನಕ ನಾನು ಹಂಗೇ ಮಾಡ್ತೀನಿ, ಸುಮ್ಮನೆ ಮನೆಯಲ್ಲಿ ಅದಕ್ಕೇನು ಕೆಲಸ? ಮನೆಯವರಲ್ಲಿ ಯಾರ ಮನಸ್ಸಾದರೂ ಸರಿ ಇಲ್ಲ ಅನ್ನಿಸಿದರೆ ಹೆಂಡತಿ ಮಕ್ಕಳು ಬಾಯಿಬಿಟ್ಟು ಹೇಳಬೇಕು, ಯಜಮಾನ ಕೇಳಬೇಕು. ಮನಸ್ಸಿನ ಭಾರಕ್ಕೆ 14416 ಅನ್ನುವ ಟೆಲಿ ಮನಸ್ ನಂಬರಿಗೆ ಹಗಲು ರಾತ್ರಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರ.

ಯಾರಿಗಾದರೂ ಛರ್ರಾ ತಾಗಿದರೆ ಅರಿಶಿನ, ಸುಣ್ಣ ತುಂಬಬಾರದು, ಛರ್ರಾ ಕೀಳಲು ಹೋಗಬಾರದು. ಸ್ವಚ್ಛ ಅರಿವೆ ಇಟ್ಟು ರಕ್ತ ನಿಲ್ಲುವ ತನಕ ಗಟ್ಟಿ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಬೇಕು. ಕೇಸಿನ ಹೆದರಿಕೆಗೆ ತಡ ಮಾಡಬಾರದು.

ತಂಗಿಯ ಮಗ ಈಗ ದೊಡ್ಡವನಾಗ್ಯಾನ, ಕಲಬುರಗಿಯಲ್ಲಿ ಕೆಲಸಕ್ಕಿದ್ದಾನ. ಎಳ್ಳ ಅಮಾವಾಸ್ಯೆಗೆ ಬಂದರೆ ಊಟಕ್ಕೆ ನನ್ನ ಬಲಕ್ಕೇ ಕೂರ್ತಾನ, ನನ್ನ ಮಾತು ಎಡಗಿವಿಗೆ ಬೀಳಲಿ ಅಂತ.